ಉತ್ತಮ ಪುರುಷ, ಪ್ರಥಮ ಪುರುಷ

'ಕುಡೀದೆ ಇದ್ರೆ ನಮ್ಮನೆಯೋರು ದೇವ್ರಂತೋರು ಟೀಚರಮ್ಮ, ಕುಡುದ್ರೆ ಅವ್ರು ಅವ್ರೇ ಅಲ್ಲ.' ಸಕಲೇಶಪುರ, ಆಲೂರು ಸುತ್ತಿನ ತೋಟದ ಊರುಗಳಲ್ಲಿ ಪಾಠ ಹೇಳಿದ ಯಾರೂ ಈ ಮಾತನ್ನು ಕೇಳದೆ ಇರಲಾರರು. ಮಗಳು ಶಾಲೆಗೆ ಏಕೆ ಬಂದಿಲ್ಲವೆಂದು ವಿಚಾರಿಸಿದರೆ ತಾಯಿ ಮೊದಲು ಗಂಡನನ್ನು ಹೀಗೆ ಇಬ್ಬರನ್ನಾಗಿ ಮಾಡಿಕೊಂಡು, ಆಮೇಲೆ ವಿಷಯ ಹೇಳುತ್ತಾಳೆ. ರಾಬರ್ಟ್ ಲೂಯಿ ಸ್ಟೀವನ್ಸನ್ 1886ರಲ್ಲಿ ಪ್ರಕಟಿಸಿದ ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಕಥೆಯನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಕಷ್ಟವೇ ಅಲ್ಲ. ಅರ್ಧ ಕಥೆ ಅವರ ಮನೆಯಲ್ಲೇ ಇರುತ್ತದೆ.

ಒಳ್ಳೆಯ ವೈದ್ಯನೊಬ್ಬ ಏನೋ ಪುಡಿ ಕಲಸಿ ಕುಡಿದ, ರಾಕ್ಷಸನಾದ ಎಂಬಷ್ಟೇ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ಜೆಕಿಲ್. ಬಿ.ಎ. ಓದುವಾಗ ನನ್ನ ಕೈಗೆ ಬಂದಿದ್ದ ಸಂಕ್ಷಿಪ್ತ ಪ್ರತಿಯಲ್ಲೂ ಅಷ್ಟೇ ಇತ್ತು. ಪೂರ್ತಿ ಕಾದಂಬರಿ ಬೇರೆಯೇ ಮಾತು ಹೇಳುತ್ತದೆ. ಕೊನೆಯಲ್ಲಿ ಜೆಕಿಲ್ ಬರೆದಿಟ್ಟ ದೀರ್ಘ ನಿವೇದನೆಯೊಂದಿದೆ. ಅದರಲ್ಲಿ ಅವನೇ ಒಪ್ಪಿಕೊಳ್ಳುವಂತೆ ಆ ಮದ್ದಿಗೆ ಒಳಿತು ಕೆಡುಕುಗಳ ವಿವೇಚನೆಯಿಲ್ಲ. ಅದು ಬಾಗಿಲು ತೆರೆಯುತ್ತದೆ, ಒಳಗೆ ಯಾರು ಕಾದು ನಿಂತಿದ್ದಾರೋ ಅವರು ಹೊರಗೆ ಬರುತ್ತಾರೆ. ಹೈಡ್ ಹೊರಬರಲೆಂದು ಜೆಕಿಲ್ ಮಾಡಿಕೊಂಡ ಏರ್ಪಾಡು ನೋಡಿ. ಸೋಹೋದಲ್ಲಿ ಅವನಿಗೊಂದು ಮನೆ. ಅಲ್ಲಿಗೆ ಬಾಯಿಬಿಡದ ಕೆಲಸದವಳು. ಬ್ಯಾಂಕಿನಲ್ಲಿ ಬೇರೆ ಖಾತೆ. ತನ್ನ ಅಕ್ಷರವನ್ನೇ ಹಿಂದಕ್ಕೆ ವಾಲಿಸಿ ಅದಕ್ಕೊಂದು ರುಜು. ತನ್ನ ಮನೆಯ ಆಳುಗಳಿಗೆ ಹೈಡ್ ಹೇಳಿದಂತೆ ಕೇಳಬೇಕೆಂದು ತಾಕೀತು. ಆಸ್ತಿಯೆಲ್ಲ ಅವನಿಗೇ ಸೇರುವಂತೆ ಉಯಿಲು. ಮೈಮರೆತವನು ಹೀಗೆ ಕಾಗದಪತ್ರ ಮಾಡಿಸಿಡುವುದಿಲ್ಲ. ಹೈಡ್ ಪುಟ್ಟ ಹುಡುಗಿಯನ್ನು ತುಳಿದುಕೊಂಡು ಹೋದಾಗ ಅವಳ ಮನೆಯವರಿಗೆ ಕೊಟ್ಟ ನೂರು ಪೌಂಡಿನಲ್ಲಿ ತೊಂಬತ್ತು ಪೌಂಡಿನ ಚೆಕ್ಕಿಗೆ ರುಜು ಹಾಕಿದ್ದು ಜೆಕಿಲ್. ಸಾಧ್ಯವಾದಲ್ಲೆಲ್ಲ ಹೈಡ್ ಮಾಡಿದ್ದನ್ನು ತಾನು ಸರಿಪಡಿಸುತ್ತಿದ್ದೆ, ಹಾಗಾಗಿ ಮನಸ್ಸಾಕ್ಷಿ ನಿದ್ರೆ ಹೋಯಿತು ಎಂಬರ್ಥದ ಮಾತನ್ನು ಅವನೇ ಬರೆಯುತ್ತಾನೆ. ರಾತ್ರಿ ಹೊಡೆದು, ಮರುದಿನ ಸಂತೆಯಿಂದ ಬಳೆ, ಮಕ್ಕಳಿಗೆ ಖಾರ ಮಂಡಕ್ಕಿ ತರುವ ಗಂಡಸರನ್ನು ಕಂಡವರಿಗೆ ಈ ಸಾಲಿನ ಬಳಿ ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಕೂರಬೇಕೆನಿಸುತ್ತದೆ.

ಈ ನಿವೇದನೆಯಲ್ಲಿ ವ್ಯಾಕರಣ ಪಾಠ ಮಾಡುವವಳ ಕಣ್ಣಿಗೆ ಬೀಳುವ ಇನ್ನೊಂದು ಅಂಶವಿದೆ. ಜೆಕಿಲ್ ಬಹುಪಾಲು 'ನಾನು' ಎಂದೇ ಬರೆದುಕೊಂಡು ಬರುತ್ತಾನೆ. ಹೈಡ್‌ನ ಸುಖದ ಹಂಬಲವನ್ನು ವರ್ಣಿಸುವಾಗಲೂ ಅದು 'ನನ್ನ' ಹಂಬಲವೇ. ಕೊಲೆ ನಡೆದು, ಗಲ್ಲಿನ ಭಯ ಹತ್ತಿರವಾದಾಗ 'ಅವನು' ಗಟ್ಟಿಯಾಗುತ್ತದೆ. 'ನಾನು' ಎನ್ನಲು ತನಗೆ ಆಗುತ್ತಿಲ್ಲವೆಂದು ಬಾಯಿಬಿಟ್ಟೇ ಹೇಳುತ್ತಾನೆ. ಉತ್ತಮ ಪುರುಷದಿಂದ ಪ್ರಥಮ ಪುರುಷಕ್ಕೆ ಜಾರುವುದು. ಮನುಷ್ಯನೊಳಗೆ ಇಬ್ಬರಿದ್ದಾರೆಂಬ ತತ್ತ್ವ ಇಲ್ಲಿ ತಪ್ಪಿಸಿಕೊಳ್ಳುವ ಒಂದು ಕಿಂಡಿಯಾಗುವುದನ್ನು ಸ್ಟೀವನ್ಸನ್ ಕಂಡಿದ್ದ. ಈ ಪುಸ್ತಕದ ಬಗ್ಗೆ ಮಾತಾಡುವಾಗ ನಾವು ಆ ತತ್ತ್ವವನ್ನು ಹಿಡಿದುಕೊಂಡು ಕಿಂಡಿಯನ್ನು ಬಿಡುತ್ತೇವೆ.

ವಿಕ್ಟೋರಿಯಾ ಕಾಲದ ಇಂಗ್ಲಿಷರು ನಮ್ಮ ಬೆಟ್ಟಗಳಿಗೆ ಅಪರಿಚಿತರಲ್ಲ. ಮಂಜರಾಬಾದಿನಲ್ಲಿ ಕಾಫಿ ಬೆಳೆದ ಆರ್. ಎಚ್. ಎಲಿಯಟ್ ಮೈಸೂರಿನ ಕಾಡುಗಳಲ್ಲಿ ತನಗಾದ ಅನುಭವಗಳ ಪುಸ್ತಕವನ್ನು 1871ರಲ್ಲೇ ಪ್ರಕಟಿಸಿದ್ದ. ಹಳೆಯ ಬಂಗಲೆಗಳನ್ನು ನೋಡಿದವರಿಗೆ ಜೆಕಿಲ್‌ನ ಮನೆ ಅರ್ಥವಾಗುತ್ತದೆ: ಚೌಕದ ಕಡೆಗೆ ಅಂದವಾದ ಮುಂಬಾಗಿಲು, ಹಿಂದಿನ ಬೀದಿಗೆ ಗಂಟೆಯೂ ಇಲ್ಲದ, ಬಣ್ಣ ಬೊಬ್ಬೆಯೆದ್ದ ಇನ್ನೊಂದು ಬಾಗಿಲು. ಆ ಕಾಲದ ಕಾದಂಬರಿಗಳಿಗೆ ಮನೆಯ ಯಾವ ಮೂಲೆಯಲ್ಲಿ ಏನನ್ನು ಬಚ್ಚಿಡಬೇಕೆಂಬ ಚಿಂತೆ ಬಹಳ. ಆಸ್ಕರ್ ವೈಲ್ಡ್‌ನ ಡೋರಿಯನ್ ಗ್ರೇ ತನ್ನ ಪಾಪಗಳನ್ನೆಲ್ಲ ಹೊತ್ತ ಚಿತ್ರಪಟವನ್ನು ಅಡಗಿಸಿಡುವುದು ಬಾಲ್ಯದಲ್ಲಿ ತಾನು ಪಾಠ ಕಲಿತ ಕೋಣೆಯಲ್ಲಿ. (ಅವನಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ಮೇಷ್ಟರುಗಳ ಪರವಾಗಿ ಕೇಳಬೇಕೆನಿಸುತ್ತದೆ.) 1847ರ 'ಜೇನ್ ಐರ್'ನಲ್ಲಿ ಮೂರನೆಯ ಮಹಡಿಯಲ್ಲಿ ಬೀಗ ಹಾಕಿಟ್ಟಿರುವುದು ಚಿತ್ರಪಟವನ್ನಲ್ಲ, ಹೆಂಡತಿಯನ್ನು. ಗಂಡಸಿನ ಎರಡನೆಯ ಮುಖಕ್ಕೆ ಸೋಹೋದಲ್ಲಿ ಬಾಡಿಗೆ ಮನೆ, ಹೆಂಗಸಿನದಕ್ಕೆ ಅಟ್ಟ.

ನಮ್ಮಲ್ಲಿಯೂ ಲೆಕ್ಕ ಹೀಗೆಯೇ. ಗಂಡಸು ಬದಲಾದರೆ 'ಒಳಗೆ ಹೋದದ್ದು ಹಾಗೆ ಮಾಡಿಸಿತು' ಎನ್ನುತ್ತಾರೆ. ಹೆಂಗಸು ಒಂದು ದಿನ ಕೂದಲು ಬಿಚ್ಚಿ ಕೂಗಾಡಿದರೆ ಗಾಳಿ ಮೆಟ್ಟಿದೆ ಎಂದು ಹುಣಿಸೆ ಬರಲು ಹುಡುಕುತ್ತಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು 'ಶರಪಂಜರ'ದಲ್ಲಿ ಹಿಡಿದದ್ದು ಇದನ್ನೇ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರದಿಂದಾಗಿ ಓದದವರಿಗೂ ಕಾವೇರಿ ಗೊತ್ತು. ಅವಳು ಬಾಣಂತನದ ನಂತರ ಬುದ್ಧಿ ಕಲಕಿ, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಬರುತ್ತಾಳೆ. ಬಂದವಳು ಒಬ್ಬಳೇ, ಪೂರ್ತಿ ಆರೋಗ್ಯವಂತೆ. ಅವಳನ್ನು ಇಬ್ಬರನ್ನಾಗಿ ಸೀಳುವುದು ನೋಡುವವರ ಕಣ್ಣು. ನಕ್ಕರೆ ಹುಚ್ಚಿನ ನಗು, ಸಿಟ್ಟಾದರೆ ಹುಚ್ಚಿನ ಸಿಟ್ಟು. ಇತ್ತ ಗಂಡ ಇನ್ನೊಬ್ಬಳ ಸಂಗ ಮಾಡಿದ್ದು ಯಾರಿಗೂ ರೋಗವಾಗಿ ಕಾಣುವುದಿಲ್ಲ. ಸ್ಟೀವನ್ಸನ್ನನ ಪುಡಿ ಬಟ್ಟಲುಗಳಿಗಿಂತ ಈ ಕಥೆ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಗಿರೀಶ ಕಾರ್ನಾಡರ 'ನಾಗಮಂಡಲ'ದ (1988) ವಿಷಯ ಇಷ್ಟು ಸರಳವಲ್ಲ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳಿಂದ ಕಟ್ಟಿದ ಈ ನಾಟಕದಲ್ಲೂ ಮದ್ದಿದೆ, ಎರಡು ಮುಖದ ಗಂಡನಿದ್ದಾನೆ. ಆದರೆ ಮದ್ದು ಅರೆಯುವ ಕೈ ಹೆಂಡತಿಯದು. ಹಗಲು ಊಟಕ್ಕೆ ಮಾತ್ರ ಬಂದು ಹೊರಗಿನಿಂದ ಬೀಗ ಜಡಿದು ಹೋಗುವ ಅಪ್ಪಣ್ಣನನ್ನು ಒಲಿಸಿಕೊಳ್ಳಲು ರಾಣಿ ಕುರುಡವ್ವ ಕೊಟ್ಟ ಬೇರನ್ನು ಸಾರಿಗೆ ಬೆರೆಸುತ್ತಾಳೆ. ಸಾರು ಕೆಂಪಾಗಿ ಕುದಿಯುವುದನ್ನು ಕಂಡು ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅಂದಿನಿಂದ ರಾತ್ರಿ ಬರುವ ಗಂಡ ನಾಗ. ಸ್ಟೀವನ್ಸನ್ ಹೊರಗೆ ಬಿಟ್ಟದ್ದನ್ನು ಕಾರ್ನಾಡರು ನಡುಮನೆಗೆ ತಂದರು: ಎರಡು ಮುಖದವನೊಡನೆ ಬಾಳುವುದು ಹೇಗಿರುತ್ತದೆ? ರಾತ್ರಿ ಅಷ್ಟು ಮೃದುವಾಗಿ ಮಾತಾಡಿದವನು ಮಧ್ಯಾಹ್ನ ಏಕೆ ಹೀಗೆ ಎಂದು ರಾಣಿ ಕೇಳಬಾರದು. ಪ್ರಶ್ನೆ ಮಾಡಬೇಡ ಎಂಬುದೇ ನಾಗನ ಕಟ್ಟಳೆ. ಕೇಳದೆ ಇರುವುದನ್ನು ಅವಳು ಕಲಿತುಕೊಳ್ಳುತ್ತಾಳೆ. ಕನ್ನಡ ರಂಗಭೂಮಿಯಲ್ಲಿ ಹೆಂಗಸಿನ ಮೌನಕ್ಕೆ ಇಷ್ಟು ನಿಖರವಾದ ಕಾರಣ ಕೊಟ್ಟ ನಾಟಕವನ್ನು ನಾನು ಓದಿಲ್ಲ. ಕೊನೆಗೆ ಪಂಚಾಯತಿಯ ಮುಂದೆ ಹಾವು ಹಿಡಿದು ಪ್ರಮಾಣ ಮಾಡಬೇಕಾದವಳೂ ಅವಳೇ. ಪರಸ್ತ್ರೀಯ ಮನೆಯಿಂದ ಎದ್ದು ಬಂದ ಅಪ್ಪಣ್ಣನಿಗೆ ಯಾವ ದಿವ್ಯವೂ ಇಲ್ಲ.

ಆದರೂ ನಾಟಕದ ಒಂದು ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ನಿಜಕ್ಕೂ ಇಬ್ಬರಿದ್ದಾರೆ. ಪ್ರೀತಿಸಿದವನು ಬೇರೆ, ಹೊಡೆದವನು ಬೇರೆ. ಕಥೆಗೆ ಅದು ಸೊಗಸು, ತೋಟದ ಲೈನಿನಲ್ಲಿ ಬಾಳುವವಳಿಗೆ ಅಪಾಯ. ಅವಳು ಬಟವಾಡೆಯ ರಾತ್ರಿಯ ಏಟುಗಳನ್ನು ತಡೆದುಕೊಳ್ಳುವುದು ಒಳಗೆಲ್ಲೋ ಒಬ್ಬ ನಾಗನಿದ್ದಾನೆಂಬ ನಂಬಿಕೆಯಿಂದಲೇ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಹೆಂಗಸರು ಎಷ್ಟು ಆಸೆಪಟ್ಟಿದ್ದರು! ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. ಮದ್ದು ಬದಲಾಯಿತು, ಬಾಗಿಲ ಹಿಂದೆ ಕಾದು ನಿಂತವನು ಬದಲಾಗಲಿಲ್ಲ. ಅದೂ ಅಲ್ಲದೆ, ಕುಡಿದು 'ಅವನೇ ಅಲ್ಲ'ದವನು ದಾರಿಯಲ್ಲಿ ಎದುರಾದ ಸಾಹುಕಾರರಿಗೆ ಕೈಮುಗಿದು, ರೈಟರಿಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಮನೆಗೆ ಬಂದ ಮೇಲೆಯೇ ಕೈ ಎತ್ತುತ್ತಾನಲ್ಲ, ಅಷ್ಟು ದೂರ ಅವನನ್ನು ನಡೆಸಿಕೊಂಡು ಬಂದವರು ಯಾರು?

ಎಂಟನೆಯ ತರಗತಿಗೆ ಒಮ್ಮೆ 'ನನ್ನ ತಂದೆ' ಎಂದು ಪ್ರಬಂಧ ಕೊಟ್ಟಿದ್ದೆ. ಒಬ್ಬ ಹುಡುಗಿ ಒಂದೇ ವಾಕ್ಯ ಬರೆದಿದ್ದಳು: 'ಸಾಯಂಕಾಲದವರೆಗೆ ನಮ್ಮ ತಂದೆ ತುಂಬಾ ಒಳ್ಳೆಯವರು.' ವಾಕ್ಯದಲ್ಲಿ ತಪ್ಪಿರಲಿಲ್ಲ. ನಾನು ಅವಳಿಗೆ ಪೂರ್ತಿ ಅಂಕ ಕೊಟ್ಟೆ, ತಾಯಿಯನ್ನು ಕರೆಸಿ ಮಾತಾಡಿದೆ, ಅದೇ 'ದೇವ್ರಂತೋರು' ಕೇಳಿಸಿಕೊಂಡೆ. ಹುಡುಗಿ ಆ ಮಾತು ಹೇಳಿರಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು. ಇಬ್ಬರು ತಂದೆಯರೆಂದು ಅವಳು ಬರೆಯಲಿಲ್ಲ. ತಂದೆ ಒಬ್ಬರೇ, ಹೊತ್ತು ಮಾತ್ರ ಬೇರೆ.

ಸ್ಟೀವನ್ಸನ್ನನ ಕಾದಂಬರಿಯಲ್ಲಿ ನಮಗೆ ಕಥೆ ಹೇಳುವವರೆಲ್ಲ ಗಂಡಸರು: ವಕೀಲ, ಅವನ ಬಂಧು, ಇನ್ನೊಬ್ಬ ವೈದ್ಯ, ಕೊನೆಗೆ ಜೆಕಿಲ್. ಮಾನ ಮರ್ಯಾದೆಯ ಜನ. ಸ್ನೇಹಿತನ ಹೆಸರು ಕೆಡಬಾರದೆಂದು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರುತ್ತಾರೆ. ಕೊಲೆಯನ್ನು ಕಣ್ಣಾರೆ ಕಂಡವಳು ಕಿಟಕಿಯ ಬಳಿ ಕುಳಿತಿದ್ದ ಒಬ್ಬ ಮನೆಗೆಲಸದವಳು. ಬೆಳದಿಂಗಳಿನಲ್ಲಿ ಅವಳು ಹೈಡ್‌ನನ್ನು ಗುರುತಿಸುತ್ತಾಳೆ. ಹಿಂದೊಮ್ಮೆ ಅವಳ ಯಜಮಾನನ ಮನೆಗೆ ಅವನು ಬಂದಿದ್ದ. ನೋಡಿ ಮೂರ್ಛೆ ಹೋಗುತ್ತಾಳೆ. ಅವಳಿಗೊಂದು ಹೆಸರನ್ನೂ ಲೇಖಕ ಕೊಟ್ಟಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಪೊಲೀಸರನ್ನು ಕೂಗಿ ಕರೆದವಳು ಅವಳೇ.