ನ್ಯೂಗ್ರೇಂಜ್: ಸೂರ್ಯನಿಗೆಂದು ಬಿಟ್ಟ ಕಿಂಡಿ

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ, ಬಾಯ್ನ್ ನದಿಯ ಬಾಗಿನ ಮೇಲಿನ ದಿಣ್ಣೆಯಲ್ಲಿರುವ ನ್ಯೂಗ್ರೇಂಜ್, ಲೋಹದ ಉಪಕರಣಗಳನ್ನೇ ಅರಿಯದ ಬೇಸಾಯಗಾರರು ಕ್ರಿ.ಪೂ. ಸುಮಾರು 3200ರಲ್ಲಿ, ಅಂದರೆ ಗೀಜಾದ ಪಿರಮಿಡ್ಡುಗಳಿಗಿಂತಲೂ ಹಿಂದೆ ಕಟ್ಟಿದ ಓಣಿಗೋರಿ. ದಿಬ್ಬದ ಒಡಲಿನ ಕೋಣೆಯನ್ನು ಇಕ್ಕಟ್ಟಾದ ಕಲ್ಲೋಣಿಯ ಮೂಲಕ ತಲುಪುವ ಸಮಾಧಿಗೆ ಈ ಹೆಸರು. 97 ಅಂಚುಗಲ್ಲುಗಳು ಸುತ್ತುವರಿದ ಈ ದಿಬ್ಬದ ನಿಜವಾದ ಕೌಶಲ ಒಳಗಿದೆ: ಪ್ರತಿ ವರಸೆಯ ಚಪ್ಪಡಿಯನ್ನೂ ಕೆಳಗಿನದಕ್ಕಿಂತ ತುಸು ಒಳಚಾಚಿಸುತ್ತ ಹೋಗಿ, ಸುಮಾರು 6 ಮೀಟರ್ ಎತ್ತರದಲ್ಲಿ ಒಂದೇ ಕಲ್ಲಿನಿಂದ ಮುಚ್ಚಿದ ಚಾವಣಿ ಗಾರೆಯ ನೆರವಿಲ್ಲದೆ ಇಂದಿಗೂ ನಿಂತಿದೆ.

ಬಾಗಿಲ ಮೇಲೆ ಪ್ರತ್ಯೇಕ ಕಿಂಡಿಯೊಂದಿದ್ದು, ದಕ್ಷಿಣಾಯನ ಮುಗಿಯುವ ಡಿಸೆಂಬರ್ 21ರ ಆಸುಪಾಸಿನ ಕೆಲವು ಮುಂಜಾವುಗಳಲ್ಲಿ ಮಾತ್ರ ಸೂರ್ಯಕಿರಣ ಅದರೊಳಗಿಂದ ನುಸುಳಿ, 19 ಮೀಟರ್ ಓಣಿಯನ್ನು ಹಾಯ್ದು, ಸುಮಾರು 17 ನಿಮಿಷ ಕೋಣೆಯನ್ನು ಬೆಳಗುತ್ತದೆ. ಉತ್ಖನನಕಾರ ಮೈಕೆಲ್ ಓಕೆಲಿ 1967ರಲ್ಲಿ ಇದನ್ನು ಕಣ್ಣಾರೆ ಕಂಡರು. ಅವರು ಮರುನಿರ್ಮಿಸಿದ ಬೆಣಚುಕಲ್ಲಿನ ಬಿಳಿ ಮುಂಗೋಡೆಯ ಹಿಂದೆ ಕಾಂಕ್ರೀಟು ಇರುವುದರಿಂದ ಅದು ವಿದ್ವಾಂಸರಲ್ಲಿ ವಿವಾದಕ್ಕೆಡೆಯಾಗಿದೆ, ಮತ್ತು ನೋಟಕ್ಕೆ ತುಸು ಅತಿಯಾಗಿಯೂ ಇದೆ. ಬಾಗಿಲ ಮುಂದಿನ ಅಂಚುಗಲ್ಲಿನ ಸುರುಳಿಗಳು ಮಾತ್ರ ಅಪ್ಪಟ ಪ್ರಾಚೀನ ಕೆತ್ತನೆ. ಒಳಹೋಗುವ ಆತುರದಲ್ಲಿ ಪ್ರವಾಸಿಗರು ಅದರ ಮುಂದೆ ನಿಲ್ಲುವುದನ್ನು ಮರೆಯಬಾರದು.