ಹಸಿರಾದರೆ ಸಾಲದು

ಕಿಂಡರ್ ಸ್ಕೌಟ್ ಬೆಟ್ಟದ ಹಳೆಯ ಫೋಟೊ, ಹೊಸ ಫೋಟೊ ಪಕ್ಕಪಕ್ಕ ಇಟ್ಟರೆ ಯಾರಾದರೂ ಭೇಷ್ ಅನ್ನುತ್ತಾರೆ. ಒಂದರಲ್ಲಿ ಬರೀ ಕಪ್ಪು ಕೆಸರು, ಇನ್ನೊಂದರಲ್ಲಿ ಹುಲ್ಲು. ನನಗೆ ಅನುಮಾನವಿರುವುದು ಆ ಹುಲ್ಲಿನ ಮೇಲೆಯೇ.

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ, ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಇರುವ ಈ ಬೆಟ್ಟದ ನೆತ್ತಿಯೆಲ್ಲ ಪೀಟ್: ನೀರಲ್ಲಿ ನೆನೆದು ಪೂರ್ತಿ ಕೊಳೆಯದೆ ಉಳಿದ ಸಸ್ಯಗಳ ಪದರ. ಅದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು. ಕಾರ್ಖಾನೆಗಳ ಗಂಧಕದ ಹೊಗೆಗೆ, ಪೀಟ್ ಕಟ್ಟುವ ಸ್ಫ್ಯಾಗ್ನಮ್ ಪಾಚಿಯೇ ಸತ್ತುಹೋಯಿತು. ಉಳಿದದ್ದನ್ನು ಬೆಂಕಿ ಸುಟ್ಟಿತು, ಕುರಿ ಮೇಯ್ದವು, ಮಳೆ ಕೊರೆಯಿತು.

ಇದನ್ನು ಸರಿಪಡಿಸಲು 2003ರಲ್ಲಿ ಶುರುವಾದ ‘ಮೂರ್ಸ್ ಫಾರ್ ದ ಫ್ಯೂಚರ್’ ಕೂಟದ ಕೆಲಸದಲ್ಲಿ ಕಸುಬುದಾರಿಕೆ ಇದೆ. ಕತ್ತರಿಸಿದ ಹೆದರ್ ಗಿಡದ ಮೂಟೆಗಳನ್ನು ಹೆಲಿಕಾಪ್ಟರ್ ಬೆಟ್ಟದ ಮೇಲೆ ಇಳಿಸುತ್ತದೆ. ಬೋಳು ಪೀಟ್‌ಗೆ ಅದೇ ಹೊದಿಕೆ, ಅದರೊಳಗಿನ ಬೀಜವೇ ಬಿತ್ತನೆ. ಮೇಲೆ ಸುಣ್ಣ, ಗೊಬ್ಬರ, ಹುಲ್ಲಿನ ಬೀಜ. ಕೊರಕಲುಗಳಿಗೆ ಅಡ್ಡಲಾಗಿ ಕಲ್ಲಿನ, ಮರದ ಸಣ್ಣ ಒಡ್ಡುಗಳು; ಅವುಗಳ ಹಿಂದೆ ಹರಿದು ಬಂದ ಕಪ್ಪು ಹೂಳು ನಿಲ್ಲುತ್ತದೆ. ಸುಣ್ಣ, ಗೊಬ್ಬರ ಉಂಡು ಬೆಳೆದ ಹುಲ್ಲು ಬರೀ ದಾದಿ. ಕೂಸು ಸ್ಫ್ಯಾಗ್ನಮ್, ಅದನ್ನು ಕೈಯಿಂದ ಒಂದೊಂದೇ ಗಂಟಾಗಿ ನೆಡಬೇಕು. ಹಸಿರಿನ ವಿಸ್ತೀರ್ಣ ತೋರಿಸುವ ವರದಿಗಿಂತ, ಪಾಚಿ ಎಷ್ಟು ಹಬ್ಬಿತು, ನೀರಿನ ಮಟ್ಟ ಎಷ್ಟು ಮೇಲೆ ನಿಂತಿತು ಎಂದು ಹೇಳುವ ವರದಿಯೇ ನನಗೆ ಮುಖ್ಯ.

ಪ್ರವಾಹದ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಇಲ್ಲಿ ಅಳೆದು ನೋಡಿದ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರಿಗೆ, ಹುಲ್ಲು ಮತ್ತು ಒಡ್ಡು ಬಂದ ಮೇಲೆ ಬಿರುಮಳೆಯ ನೀರು ತಡವಾಗಿ, ತಗ್ಗಿದ ರಭಸದಲ್ಲಿ ಇಳಿಯುವುದು ಕಂಡಿತು. ಇದರ ಲಾಭ ಕೆಳಗಿನ ಊರುಗಳಿಗೆ.

ಹಾಗಾದರೆ ಮೇಲಿನವರಿಗೆ? ‘ಸ್ಥಳೀಯರ ಪಾಲ್ಗೊಳ್ಳುವಿಕೆ’ ಎಂದರೆ ರಜೆಯ ದಿನ ಪಾಚಿ ನೆಡಲು ಬರುವವರಷ್ಟೇ ಆಗಬಾರದು. ಬೆಟ್ಟ 1982ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯದು. ಕುರಿಗಳನ್ನು ದೂರವಿಡಲು ಅದು ಸುತ್ತ ಬೇಲಿ ಹಾಕಿತು. ಪೀಟ್‌ಗೆ ಬೇಲಿ ಬೇಕೇ ಬೇಕಿತ್ತು, ಒಪ್ಪುತ್ತೇನೆ. ಆದರೆ ಬೆಟ್ಟ ಹತ್ತುವ ಹಕ್ಕಿಗಾಗಿ 1932ರಲ್ಲಿ ನೂರಾರು ಮಂದಿ ಧನಿಗಳ ಕಾವಲುಗಾರರನ್ನು ದಾಟಿ ನುಗ್ಗಿದ್ದು, ಐವರು ಜೈಲು ಸೇರಿದ್ದು ಇದೇ ಬೆಟ್ಟಕ್ಕಾಗಿ. ನಡೆಯುವವರಿಗೇನೋ ಬೇಲಿ ದಾಟಲು ಮೆಟ್ಟಿಲು ಸಿಕ್ಕಿತು. ಮೇವು ಬಿಟ್ಟುಕೊಡುವ ಕುರಿಗಾಹಿಗೆ ಪ್ರವಾಹ ತಪ್ಪಿದ ಲೆಕ್ಕದಲ್ಲೂ ಪೀಟ್ ಇಂಗಾಲ ಹಿಡಿದಿಟ್ಟ ಲೆಕ್ಕದಲ್ಲೂ ಪಾಲು ಬರಬೇಕು, ಅದೂ ಯೋಜನೆಯ ಅವಧಿ ಮುಗಿದ ಮೇಲೂ.