ತಳ ಹಿಡಿದ ಪಾತ್ರೆ ಮತ್ತು ಅರಮನೆಯ ಬಾಣಸಿಗ

ಫ್ರಾನ್ಸಿನ ಹಳೆಯ ಅಡುಗೆ ಪುಸ್ತಕ ‘ಲ ವಿಯಾಂದಿಯೆ’ಯನ್ನು ಬರೆದವನು ತಾಯ್‌ವಾಂ ಎಂಬ ಅಡ್ಡಹೆಸರಿನ ಗಿಯೋಮ್ ತಿರೆಲ್ ಎಂಬುದು ರೂಢಿಯ ಮಾತು. 1326ರಲ್ಲಿ ರಾಣಿ ಜಾನ್ ದೆವ್ರಳ ಅಡುಗೆಮನೆಯಲ್ಲಿ ಚಾಕರಿಯ ಹುಡುಗನಾಗಿದ್ದವನು ಮುಂದೆ ಐದನೆಯ ಮತ್ತು ಆರನೆಯ ಚಾರ್ಲ್ಸರಿಗೆ ಬಾಣಸಿಗನಾದ. ಗೋರಿಕಲ್ಲಿನ ಮೇಲೆ ಅವನದು ಕವಚ ತೊಟ್ಟ ಯೋಧನ ವೇಷ. ಗುರಾಣಿಯಲ್ಲಿ ಮಾತ್ರ ಅಡುಗೆಯ ಪಾತ್ರೆಗಳು.

ತೊಡಕೇನೆಂದರೆ, ಸ್ವಿಟ್ಜರ್‌ಲೆಂಡಿನ ಸಿಯೋನ್‌ನಲ್ಲಿ ಸಿಕ್ಕಿದ ಈ ಪುಸ್ತಕದ ಹಸ್ತಪ್ರತಿ ಅವನಿಗಿಂತ ಹಳೆಯದು. ಬರೆದಾಗ ಅವನು ಹುಟ್ಟಿರಲಿಲ್ಲ, ಹುಟ್ಟಿದ್ದರೂ ಕೂಸು. ಇದನ್ನು ಕಳ್ಳತನವೆನ್ನಲು ನನಗೆ ಮನಸ್ಸಿಲ್ಲ. ಕೈಯಿಂದ ಕೈಗೆ ಬಂದ ಅಡುಗೆಗೆ ಒಡೆಯನನ್ನು ಹುಡುಕುವುದೇ ವ್ಯರ್ಥ. ಅವನು ಪುಸ್ತಕವನ್ನು ಹಿಗ್ಗಿಸಿದ, ಅರಮನೆಯ ಹೆಸರು ಅಂಟಿತು.

ಪುಸ್ತಕದಲ್ಲಿ ಅಳತೆಗಳು ಇಲ್ಲವೆನ್ನುವಷ್ಟು ಕಡಿಮೆ. ಬಲ್ಲವರಿಗಾಗಿ ಬರೆದದ್ದು ಎಂಬ ಸಮರ್ಥನೆಯನ್ನು ಅರ್ಧ ಮಾತ್ರ ಒಪ್ಪಬಹುದು. ಕ್ಯಾಮಲೀನ್ ಎಂಬ ಸಾಸನ್ನೇ ನೋಡಿ: ಶುಂಠಿ, ದಾಲ್ಚಿನ್ನಿ, ಲವಂಗ, ಜಾಪತ್ರೆ, ಹಿಪ್ಪಲಿಗಳನ್ನು ಅರೆದು, ವಿನೆಗರಿನಲ್ಲಿ ನೆನೆಸಿದ ಬ್ರೆಡ್ಡು ಸೇರಿಸಿ ಸೋಸಬೇಕು, ಕುದಿಸುವಂತಿಲ್ಲ. ಒಲೆಯೇ ಹತ್ತದ ಇಂಥದ್ದರಲ್ಲಿ ಪ್ರಮಾಣವೇ ಸರ್ವಸ್ವ. ಹಿಪ್ಪಲಿ ಒಂದಿಷ್ಟು ಮುಂದಾದರೆ ಕಷಾಯ! ಇಲ್ಲಿ ಮೌನ ಬಲ್ಲವನನ್ನೂ ಕೈಬಿಡುತ್ತದೆ.

ವ್ಯಾಟಿಕನ್ ಪ್ರತಿಯಲ್ಲಿ ಹಂಸವನ್ನು ಸುಟ್ಟು ಅದರದೇ ಗರಿಯುಳ್ಳ ಚರ್ಮವನ್ನು ಮತ್ತೆ ಹೊದಿಸುವ ವಿಧಾನವಿದೆ. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗದು ಊಟಕ್ಕಿಂತ ಮೆರವಣಿಗೆ. ನಾಲಗೆಯ ಬಗ್ಗೆ ಅಲ್ಲಿ ಒಂದು ಮಾತೂ ಹೊಸದಿಲ್ಲ.

ಬರಹಗಾರನ ನಿಜವಾದ ಕಸುಬು ಕಾಣುವುದು ಎಡವಟ್ಟುಗಳನ್ನು ಸರಿಪಡಿಸುವ ಪುಟ್ಟ ಸೂಚನೆಗಳಲ್ಲಿ. ಸಾರು ತಳ ಹಿಡಿಯಿತೇ? ಬೇರೆ ಪಾತ್ರೆಗೆ ಬಗ್ಗಿಸಿ, ಹುಳಿ ಬಂದ ಹಿಟ್ಟನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಹಾಕಿ, ಆದರೆ ಹೆಚ್ಚು ಹೊತ್ತು ಬಿಡಬೇಡಿ. ಉಪ್ಪು ಜಾಸ್ತಿಯಾಯಿತೇ? ಪಾತ್ರೆಯನ್ನು ಒಲೆಯಿಂದ ದೂರ ಸರಿಸಿ, ಬಿಳಿ ಬಟ್ಟೆ ಮುಚ್ಚಿ, ಅದನ್ನು ಆಗಾಗ ತಿರುವಿ ಹಾಕಿ. ಎರಡನೆಯದು ಫಲಿಸೀತೆಂಬ ನಂಬಿಕೆ ನನಗಿಲ್ಲ. ಬಟ್ಟೆಗೆ ತಾಗುವುದು ಹಬೆ, ಹಬೆಯಲ್ಲಿ ಉಪ್ಪೆಲ್ಲಿ? ಮೊದಲನೆಯದರ ಕೊನೆಯ ಎಚ್ಚರಿಕೆಯನ್ನು ಮಾತ್ರ, ಹಿಟ್ಟಿನ ಹುಳಿ ಸಾರಿಗೇ ಇಳಿದದ್ದನ್ನು ಒಮ್ಮೆ ಉಂಡವನೇ ಬರೆದಿರಬೇಕು.